ಒರಟು, ತರಿ, ಮಸುಕು: ವಚನ ವಿಮರ್ಶೆಯಲ್ಲಿ ಒಂದು ವಿಶೇಷಣದ ವಿಚಾರ

ವಚನ ವಾಙ್ಮಯವನ್ನು ಕುರಿತ ಲೇಖನಗಳಲ್ಲಿಯೂ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿಯೂ ಎರಡು ಮಾತುಗಳು ಪದೇ ಪದೇ ಕಣ್ಣಿಗೆ ಬೀಳುತ್ತವೆ. ವಚನಗಳ ಭಾಷೆ ‘ಒರಟು’ ಎಂಬುದು ಒಂದು. ಅಲ್ಲಮಪ್ರಭುದೇವರ ಬೆಡಗಿನ ವಚನಗಳಲ್ಲಿಯ ಪ್ರತಿಮೆಗಳು ‘ಮಸುಕು’ ಎಂಬುದು ಇನ್ನೊಂದು. ಈಚಿನ ವರ್ಷಗಳಲ್ಲಿ ಇವೆರಡನ್ನೂ ಒಂದೇ ಚೀಲದಲ್ಲಿ ಹಾಕಿ ಕಟ್ಟಿದಂತೆ ‘ತರಿತರಿಯಾದ ಶೈಲಿ’ ಎಂಬ ಮೂರನೆಯ ಮಾತೂ ಅಲ್ಲಲ್ಲಿ ತಲೆದೋರಿದೆ. ವಿಶೇಷಣವೆಂಬುದು ಚಿಕ್ಕ ವಸ್ತು. ಅದರ ಬಗೆಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೆ ಎಂದು ವಾಚಕರು ಕೇಳಬಹುದು. ಕೆಡಿಸಿಕೊಳ್ಳಬೇಕೆಂದೇ ನನ್ನ ಅಭಿಪ್ರಾಯ. ಏಕೆಂದರೆ ವಿಮರ್ಶಕನು ಇಟ್ಟ ವಿಶೇಷಣವು ಮೊದಲು ಪಾಠಪುಸ್ತಕದ ಟಿಪ್ಪಣಿಗೆ ಹೋಗುತ್ತದೆ, ಆಮೇಲೆ ಪರೀಕ್ಷೆಯ ಉತ್ತರಕ್ಕೆ ಹೋಗುತ್ತದೆ, ಕೊನೆಗೆ ಸಂಪಾದಕನ ಕೈಯೊಳಗಿನ ಲೇಖನಿಗೂ ಇಳಿದು ಮೂಲಪಾಠವನ್ನೇ ತಿದ್ದತೊಡಗುತ್ತದೆ.

ಮೊದಲು ಆ ಮೂರನೆಯ ಮಾತಿನ ಹುಟ್ಟನ್ನು ನೋಡೋಣ. ಇಂಗ್ಲಿಷಿನಲ್ಲಿ ‘ಗ್ರೇನಿ’ ಎಂಬ ವಿಶೇಷಣವಿದೆ. ಗ್ರೇನ್ ಎಂದರೆ ಕಾಳು. ಕೈಗೆ ಕಾಳುಕಾಳಾಗಿ ಹತ್ತುವ ವಸ್ತುವಿಗೆ ಆ ವಿಶೇಷಣ ಸಲ್ಲುತ್ತದೆ. ಕಣ್ಣಿಗೆ ಚುಕ್ಕೆಚುಕ್ಕೆಯಾಗಿ ಒಡೆದು ಕಾಣುವ ಛಾಯಾಚಿತ್ರಕ್ಕೂ ಅದೇ ಸಲ್ಲುತ್ತದೆ. ಒಂದು ಸ್ಪರ್ಶದ ಗುಣ, ಇನ್ನೊಂದು ದೃಷ್ಟಿಯ ಗುಣ. ಆ ಭಾಷೆಯವರಿಗೆ ಒಂದೇ ಪದ ಎರಡಕ್ಕೂ ಒದಗಿದ್ದು ಅವರ ಭಾಷೆಯ ದೈವ. ನಮ್ಮಲ್ಲಿ ಹಾಗಿಲ್ಲ. ಮುಟ್ಟಿ ತಿಳಿಯುವುದಕ್ಕೆ ಒರಟು, ಗಡುಸು, ಬಿರುಸು, ತರಿ, ನುಚ್ಚು ಎಂಬ ಒಂದು ಮನೆತನದ ಪದಗಳಿವೆ. ನೋಡಿ ತಿಳಿಯುವುದಕ್ಕೆ ಮಸುಕು, ಮಬ್ಬು, ಮಂಜು, ಮಂಕು ಎಂಬ ಬೇರೊಂದು ಮನೆತನವಿದೆ. ಇವೆರಡರ ನಡುವೆ ಸಂಬಂಧ ಬೆಳೆಸುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಇಂಗ್ಲಿಷಿನ ಒಂದು ಪದದ ಅನುಕೂಲಕ್ಕಾಗಿ ಕನ್ನಡದಲ್ಲಿ ಬೇರೆಯಾಗಿ ಬಾಳುವ ಎರಡು ಅನುಭವಗಳನ್ನು ಬೆರೆಸಿದರೆ ನಷ್ಟ ನಮ್ಮದೇ.

ಅಷ್ಟೇಕೆ, ಆ ಛಾಯಾಚಿತ್ರದ ವಿಷಯವನ್ನೇ ಸ್ವಲ್ಪ ವಿಚಾರಿಸಿದರೂ ಈ ಬೆರಕೆ ನಿಲ್ಲುವುದಿಲ್ಲ. ಹಳೆಯ ಪದ್ಧತಿಯ ಛಾಯಾಗ್ರಹಣದಲ್ಲಿ ಫಿಲ್ಮಿನ ಮೇಲೆ ಬೆಳ್ಳಿಯ ಲವಣದ ಸೂಕ್ಷ್ಮವಾದ ಹರಳುಗಳ ಲೇಪವಿರುತ್ತಿತ್ತು. ಬೆಳಕು ತಾಗಿದ ಹರಳುಗಳು ಸಂಸ್ಕರಣದಲ್ಲಿ ಬೆಳ್ಳಿಯ ಕಣಗಳಾಗಿ ಕಪ್ಪಾಗಿ ಉಳಿಯುತ್ತಿದ್ದವು. ಕಡಮೆ ಬೆಳಕಿನಲ್ಲಿಯೂ ಚಿತ್ರ ಹಿಡಿಯಬಲ್ಲ ಫಿಲ್ಮಿನಲ್ಲಿ ಈ ಹರಳುಗಳು ದೊಡ್ಡವು. ಆದ್ದರಿಂದ ಚಿತ್ರವನ್ನು ಹಿಗ್ಗಿಸಿದಾಗ ಕಣಗಳು ತೋರಿ ತರಿತರಿಯಾಗಿ ಕಾಣುತ್ತಿತ್ತು. ಇದು ಮಾಧ್ಯಮದ ಗುಣ. ಮಸುಕು ಎಂಬುದು ಬೇರೆ. ಮಸೂರವು ವಸ್ತುವಿನ ಮೇಲೆ ಸರಿಯಾಗಿ ನೆಲೆಗೊಳ್ಳದಿದ್ದರೆ, ಇಲ್ಲವೆ ಹಿಡಿದ ಕೈ ಅಲುಗಿದರೆ, ಚಿತ್ರ ಮಸುಕಾಗುತ್ತದೆ. ತರಿತರಿಯಾದ ಚಿತ್ರದಲ್ಲಿ ಮೂಗು ಕಣ್ಣುಗಳ ರೇಖೆ ಖಚಿತವಾಗಿರಬಹುದು. ಒಂದೂ ಕಣ ತೋರದ ನುಣುಪಾದ ಚಿತ್ರದಲ್ಲಿ ಮುಖವೇ ಗುರುತು ಹತ್ತದಿರಬಹುದು. ಯಂತ್ರದ ಮಾತಿನಲ್ಲಿಯೇ ಇವು ಎರಡು ಬೇರೆ ಬೇರೆ ಸಂಗತಿಗಳಾಗಿರುವಾಗ, ಕಾವ್ಯದ ಮಾತಿನಲ್ಲಿ ಒಂದೆಂದು ಭಾವಿಸುವುದು ಹೇಗೆ?

ಸ್ಪರ್ಶದ ಪದಗಳಿಗೆ ಬರೋಣ. ನಮ್ಮ ಮನೆಗಳಲ್ಲಿ ‘ತರಿ’ ಎಂಬುದು ನಿಂದೆಯ ಪದವಲ್ಲ. ಅಕ್ಕಿಯನ್ನು ತರಿಯಾಗಿ ಒಡೆಯಬೇಕಾದ ಅಡಿಗೆಯುಂಟು, ಹಿಟ್ಟಾಗಿ ಬೀಸಬೇಕಾದ ಅಡಿಗೆಯುಂಟು. ಚೆನ್ನಾಗಿ ಕಾಯಿಸಿ ಆರಿಸಿದ ತುಪ್ಪ ಮರಳುಮರಳಾಗಿ ಹೆಪ್ಪುಗಟ್ಟಿದರೆ ಹಿರಿಯರು ಅದನ್ನು ಒಳ್ಳೆಯ ತುಪ್ಪವೆನ್ನುತ್ತಾರೆ. ಅದೇ ಮರಳು ಹಸುಳೆಗೆ ಉಣಿಸುವ ಗಂಜಿಯಲ್ಲಿ ಸಿಕ್ಕರೆ ಮಾಡಿದವರಿಗೆ ಮಾತು ತಪ್ಪಿದ್ದಲ್ಲ. ಗುಣ ಒಂದೇ, ಬೆಲೆ ಬೇರೆ. ಯಾವ ವಸ್ತುವಿನ ಯಾವ ಉಪಯೋಗಕ್ಕೆ ಎಂಬುದನ್ನು ಬಿಟ್ಟು ಬರಿಯ ವಿಶೇಷಣವನ್ನು ಹಿಡಿದುಕೊಂಡರೆ ಅದು ಹೊಗಳಿಕೆಯೋ ತೆಗಳಿಕೆಯೋ ಗೊತ್ತಾಗುವುದಿಲ್ಲ. ವಚನದ ಭಾಷೆ ಒರಟು ಎಂದವನು ಯಾವ ಉಪಯೋಗಕ್ಕೆ ಒರಟು ಎಂಬುದನ್ನೂ ಹೇಳಬೇಕಾಗುತ್ತದೆ. ಬಹುತೇಕರು ಹೇಳುವುದಿಲ್ಲ.

ನಮ್ಮ ಪ್ರಾಚೀನ ಲಾಕ್ಷಣಿಕರು ಈ ವಿಷಯದಲ್ಲಿ ನಮಗಿಂತ ಎಚ್ಚರವಾಗಿದ್ದರು. ದಂಡಿಯು ಕಾವ್ಯಾದರ್ಶದಲ್ಲಿ ಹತ್ತು ಗುಣಗಳನ್ನು ಹೇಳಿದ್ದಾನೆ; ಕ್ರಿ.ಶ. ಸುಮಾರು 850ರ ಕವಿರಾಜಮಾರ್ಗವು ಆ ಜಾಡಿನಲ್ಲಿಯೇ ನಡೆದು ಕನ್ನಡದ ಮಾರ್ಗಗಳನ್ನು ವಿಚಾರಿಸಿದೆ. ಆ ಹತ್ತರಲ್ಲಿ ಸಮತೆ, ಸುಕುಮಾರತೆ ಎಂಬೆರಡು ಬಂಧಕ್ಕೆ ಸಂಬಂಧಿಸಿದವು. ಎಂದರೆ ಅಕ್ಷರಗಳು ಕಿವಿಗೂ ನಾಲಗೆಗೂ ಮೃದುವಾಗಿ ಹತ್ತುತ್ತವೆಯೋ ಬಿರುಸಾಗಿ ಹತ್ತುತ್ತವೆಯೋ ಎಂಬ ವಿಚಾರ. ಪ್ರಸಾದ, ಅರ್ಥವ್ಯಕ್ತಿ ಎಂಬ ಇನ್ನೆರಡು ತಿಳಿವಿಗೆ ಸಂಬಂಧಿಸಿದವು. ಎಂದರೆ ಅರ್ಥವು ತಾನಾಗಿ ತೋರುತ್ತದೆಯೋ, ಹೊರಗಿನಿಂದ ತಂದು ಸೇರಿಸಿಕೊಳ್ಳಬೇಕಾಗುತ್ತದೆಯೋ ಎಂಬ ವಿಚಾರ. ಮುಟ್ಟುವ ಗುಣಕ್ಕೆ ಒಂದು ಪೆಟ್ಟಿಗೆ, ಕಾಣುವ ಗುಣಕ್ಕೆ ಇನ್ನೊಂದು. ಬಂಧವು ಪರುಷವಾಗಿದ್ದೂ ಅರ್ಥವು ಪ್ರಸನ್ನವಾಗಿರಬಹುದು. ಬಂಧವು ಬೆಣ್ಣೆಯಂತಿದ್ದೂ ಅರ್ಥವು ಗಂಟುಬಿದ್ದಿರಬಹುದು. ಮುಂದೆ ಮಮ್ಮಟನು ಕಾವ್ಯಪ್ರಕಾಶದ ಏಳನೆಯ ಉಲ್ಲಾಸದಲ್ಲಿ ದೋಷಗಳನ್ನು ಎಣಿಸುವಾಗಲೂ ಶ್ರುತಿಕಟು ಎಂಬುದನ್ನು ಬೇರೆ, ಸಂದಿಗ್ಧ, ಕ್ಲಿಷ್ಟ ಎಂಬವನ್ನು ಬೇರೆ ಎಂದೇ ಎಣಿಸಿದ್ದಾನೆ. ಗ್ರಾಮ್ಯವೆಂಬುದು ಮತ್ತೂ ಬೇರೆ. ಇಷ್ಟೆಲ್ಲ ಎಣಿಸಿದ ಮೇಲೆ, ರೌದ್ರವೇ ಮೊದಲಾದ ಕಡೆ ಶ್ರುತಿಕಟುವೂ ಗುಣವಾಗುತ್ತದೆ ಎಂದು ಅವನೇ ಒಪ್ಪಿಕೊಂಡಿದ್ದಾನೆ.

ದಂಡಿಯ ಒಂದು ಮಾತನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಸುಕುಮಾರತೆಯನ್ನು ಹೊಗಳುವ ಆಚಾರ್ಯನೇ, ಎಲ್ಲವೂ ಕೋಮಲವಾದರೆ ಬಂಧವು ಸಡಿಲವಾಗುವ ದೋಷ ಬರುತ್ತದೆಂದು ಎಚ್ಚರಿಸಿದ್ದಾನೆ. ಬರಿಯ ನುಣುಪು ಹಿಡಿತವನ್ನು ಕಳೆಯುತ್ತದೆ. ಇದು ಶಾಸ್ತ್ರದ ಮಾತಷ್ಟೇ ಅಲ್ಲ, ಕೈಕೆಲಸದ ಅನುಭವವೂ ಹೌದು. ಬೀಸುವ ಕಲ್ಲು ಸವೆದು ನುಣುಪಾದರೆ ಕಾಳು ಒಡೆಯದು. ಉಳಿಯಿಂದ ಮತ್ತೆ ಕಡಿಸಿ ಒರಟು ಮಾಡಿಸಬೇಕು. ಶಾಲೆಯ ಕಪ್ಪುಹಲಗೆಯೂ ಹಾಗೆಯೇ. ಹೊಳೆಯುವ ಬಣ್ಣ ಬಳಿದ ಹಲಗೆಯ ಮೇಲೆ ಸೀಮೆಸುಣ್ಣ ಜಾರುತ್ತದೆ, ಹಿಂದಿನ ಬೆಂಚಿನ ಹುಡುಗನಿಗೆ ಅಕ್ಷರದ ಬದಲು ಕಿಟಕಿಯ ಬೆಳಕು ಕಾಣುತ್ತದೆ. ಮೂರು ದಶಕ ಹಲಗೆಯ ಮುಂದೆ ನಿಂತವನಿಗೆ ಒರಟಿನ ಬೆಲೆಯನ್ನು ಯಾವ ಅಲಂಕಾರಶಾಸ್ತ್ರವೂ ಹೊಸದಾಗಿ ಹೇಳಬೇಕಾಗಿಲ್ಲ. ಹಲಗೆ ಒರಟಾಗಿದ್ದಷ್ಟೂ ಅಕ್ಷರ ಸ್ಪಷ್ಟ. ‘ಗ್ರೇನಿ’ ಎಂಬ ಪದದ ತರ್ಕ ಇಲ್ಲಿ ತಲೆಕೆಳಗಾಗುತ್ತದೆ ಎಂಬುದನ್ನು ವಾಚಕರು ಗಮನಿಸಬೇಕು.

ಈಗ ಮುಖ್ಯ ವಿಷಯ. ‘ಒರಟು’ ಎಂಬ ವಿಶೇಷಣವನ್ನು ನಾವು ಯಾವ ಶರಣರಿಗೆ ಹಚ್ಚುತ್ತೇವೆ? ಅಂಬಿಗರ ಚೌಡಯ್ಯನವರಿಗೆ ಹಚ್ಚುತ್ತೇವೆ, ಮಡಿವಾಳ ಮಾಚಿದೇವರಿಗೆ ಹಚ್ಚುತ್ತೇವೆ. ಬಸವಣ್ಣನವರ ವಚನಗಳಲ್ಲಿ ಆಷಾಢಭೂತಿತನವನ್ನು ಹಳಿಯುವ ಮಾತುಗಳು ಕಡಮೆ ಬಿರುಸಿನವಲ್ಲ. ತಮ್ಮ ಮನಸ್ಸನ್ನೇ ನಾಯಿಗೂ ಮರ್ಕಟಕ್ಕೂ ಹೋಲಿಸಿಕೊಂಡು ಹಳಿದುಕೊಳ್ಳುವ ಮಾತುಗಳಂತೂ ಓದುವವನ ಚರ್ಮವನ್ನೇ ಗೀರುತ್ತವೆ. ಆದರೆ ಅಲ್ಲಿ ನಾವು ಬಳಸುವ ಪದ ‘ತೀಕ್ಷ್ಣ’, ‘ನಿಷ್ಠುರ’, ‘ನಿರ್ಭೀತ’. ಅದೇ ಬಗೆಯ ಮಾತು ದೋಣಿ ನಡೆಸುವವರ ಬಾಯಲ್ಲಿ ಬಂದರೆ ‘ಒರಟು’. ದಂಡನಾಯಕರ ಕಟುವಾಕ್ಯಕ್ಕೆ ಸಂಸ್ಕೃತ ವಿಶೇಷಣ, ಅಂಬಿಗರ ಕಟುವಾಕ್ಯಕ್ಕೆ ದೇಶ್ಯ ವಿಶೇಷಣ! ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಸಾರಿದವರ ಮಾತನ್ನು ವಿಮರ್ಶಿಸುವಾಗ ನಮ್ಮ ವಿಮರ್ಶೆಯ ಪದಕೋಶದಲ್ಲಿಯೇ ಮೇಲುಕೀಳು ನುಸುಳಿದ್ದನ್ನು ಯಾರೂ ಕಾಣಲಿಲ್ಲವೆಂಬುದು ಸೋಜಿಗ. ಕನ್ನಡದಲ್ಲಿ ‘ಒರಟ’ ಎಂದರೆ ನಯವಿಲ್ಲದ ಮನುಷ್ಯ ಎಂಬ ಅರ್ಥ ರೂಢವಾಗಿದೆ. ಆದುದರಿಂದ ‘ಒರಟು ವಚನ’ ಎಂಬ ಮಾತು ಎರಡು ಸಲ ಹೇಳುವಷ್ಟರಲ್ಲಿ ‘ಒರಟನ ವಚನ’ ಎಂದಾಗುತ್ತದೆ. ವಿಶೇಷಣವು ಪದದಿಂದ ಜಾರಿ ಮನುಷ್ಯನ ಮೇಲೆ ಕುಳಿತುಕೊಳ್ಳುತ್ತದೆ.

ಹುಟ್ಟನ್ನು ನೋಡಿ ಭಾಷೆಯನ್ನು ಊಹಿಸುವ ಈ ಪದ್ಧತಿ ಎಷ್ಟು ಪೊಳ್ಳೆಂಬುದಕ್ಕೆ ಉರಿಲಿಂಗಪೆದ್ದಿಗಳ ವಚನಗಳೇ ಸಾಕ್ಷಿ. ಪರಂಪರೆಯು ಅವರನ್ನು ಅಂತ್ಯಜ ಕುಲದಲ್ಲಿ ಜನಿಸಿದವರೆಂದು ಹೇಳುತ್ತದೆ. ಅವರ ವಚನಗಳನ್ನು ತೆರೆದು ನೋಡಿದರೆ ಸಂಸ್ಕೃತದ ಶ್ರುತಿ, ಆಗಮ, ಶ್ಲೋಕಗಳ ಉದ್ಧರಣೆ ಹೆಜ್ಜೆ ಹೆಜ್ಜೆಗೂ ಎದುರಾಗುತ್ತದೆ. ಗದ್ಯವು ಶಾಸ್ತ್ರವಾದದ ಗತ್ತಿನಲ್ಲಿ ಮುಂದುವರಿಯುತ್ತದೆ. ಕುಲದಿಂದ ಒರಟು ಬರುವುದಾದರೆ ಅಲ್ಲಿ ಬರಬೇಕಾಗಿತ್ತು, ಬರಲಿಲ್ಲ. ಹಾಗಾದರೆ ಚೌಡಯ್ಯನವರ ವಚನಗಳಲ್ಲಿ ನಮಗೆ ಒರಟೆಂದು ತೋರುವುದು ಏನು? ಅದನ್ನು ಬಿಡಿಸಿ ನೋಡಬೇಕು.

ಬಿಡಿಸಿದರೆ ನಾಲ್ಕಾರು ಬೇರೆ ಬೇರೆ ಸಂಗತಿಗಳು ಸಿಕ್ಕುತ್ತವೆ. ವಾಕ್ಯಗಳು ಗಿಡ್ಡ. ಸಂಬೋಧನೆ ನೇರ, ಎದುರಿಗಿದ್ದವನನ್ನು ಏಕವಚನದಲ್ಲಿ ಕರೆದು ಕೇಳುವ ರೀತಿ. ಡಾಂಭಿಕರನ್ನು ಕಂಡರೆ ಪಾದರಕ್ಷೆಯ ಮಾತಿಗೂ ಹಿಂಜರಿಯದ ಕೋಪ. ಇಷ್ಟದೈವದ ಹೆಸರಿನ ಬದಲು ತಮ್ಮ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡದ್ದರಿಂದ, ಬೇರೆ ವಚನಗಳ ಕೊನೆಯಲ್ಲಿ ದೇವರ ಹೆಸರು ತರುವ ಸಮಾಧಾನ ಇಲ್ಲಿ ಬರುವುದಿಲ್ಲ. ವಚನವು ಹೇಳಿದವನ ಮೇಲೆಯೇ ನಿಂತು ಮುಗಿಯುತ್ತದೆ. ಇವುಗಳಲ್ಲಿ ಮೊದಲನೆಯದು ಬಂಧದ ಗುಣ, ಎರಡನೆಯದು ಸಂವಾದದ ರೀತಿ, ಮೂರನೆಯದು ಭಾವ, ನಾಲ್ಕನೆಯದು ರಚನೆಯ ವಿಶೇಷ. ನಾಲ್ಕನ್ನೂ ‘ಒರಟು’ ಎಂಬ ಒಂದೇ ಪದದಿಂದ ಮುಚ್ಚಿದರೆ ನಾಲ್ಕೂ ಕಾಣದಂತಾಗುತ್ತವೆ. ನನಗೆ ಇವುಗಳಲ್ಲಿ ನಾಲ್ಕನೆಯದೇ ಹೆಚ್ಚು ವಿಚಾರಕ್ಕೆ ಯೋಗ್ಯವಾಗಿ ಕಾಣುತ್ತದೆ. ಅಂಕಿತದ ಈ ವಿಶೇಷವು ವಚನದ ನಾದವನ್ನು ಹೇಗೆ ಬದಲಿಸಿತೆಂಬುದನ್ನು ಕುರಿತು ಪ್ರತ್ಯೇಕವಾದ ಲೇಖನವನ್ನೇ ಬರೆಯಬಹುದು. ಕೊಟ್ಟಣದ ಸೋಮಮ್ಮ, ಆಯ್ದಕ್ಕಿ ಲಕ್ಕಮ್ಮ ಮೊದಲಾದ ಶರಣೆಯರ ವಚನಗಳಲ್ಲಿ ಕಾಯಕದ ಉಪಕರಣಗಳ, ಧಾನ್ಯಗಳ ಹೆಸರುಗಳು ಬರುತ್ತವೆಂದ ಮಾತ್ರಕ್ಕೆ ಭಾಷೆ ಒರಟಾಗುವುದಿಲ್ಲ. ಒನಕೆ ಒರಟಾದೀತು, ಒನಕೆಯೆಂಬ ಪದ ಒರಟಲ್ಲ.

ಪ್ರತಿಮೆಗಳ ಮಸುಕಿನ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದದ್ದು. ಪ್ರಭುದೇವರ ಬೆಡಗಿನ ವಚನವೊಂದನ್ನು ಮೊದಲ ಸಲ ಓದಿದ ವಿದ್ಯಾರ್ಥಿ ‘ಏನೂ ಸ್ಪಷ್ಟವಾಗಿ ಕಾಣುವುದಿಲ್ಲ’ ಎನ್ನುತ್ತಾನೆ. ಅವನ ಮಾತು ಪ್ರಾಮಾಣಿಕವಾದದ್ದೇ. ಆದರೆ ಅವನಿಗೆ ಕಾಣದಿರುವುದು ಯಾವುದು? ಆ ವಚನಗಳಲ್ಲಿಯ ಪ್ರಾಣಿ, ಮರ, ಬೆಂಕಿ, ನೀರು, ಊರು, ಹೆಣ್ಣು, ಇವುಗಳಲ್ಲಿ ಒಂದೂ ಮಸುಕಾಗಿಲ್ಲ. ಎಲ್ಲವೂ ನಡುಹಗಲಿನ ಬೆಳಕಿನಲ್ಲಿ ಕಂಡಂತೆ ಖಚಿತವಾಗಿವೆ; ಬೇಕಾದರೆ ಚಿತ್ರಕಾರನೊಬ್ಬನು ಅವುಗಳನ್ನು ಬಿಡಿಸಬಲ್ಲನು. ಕಾಣದಿರುವುದು ಒಂದಕ್ಕೂ ಇನ್ನೊಂದಕ್ಕೂ ಇರುವ ಸಂಬಂಧ. ಚಿತ್ರ ಸ್ಫುಟ, ಸಂಬಂಧ ಗುಪ್ತ. ಇದನ್ನು ಮಸುಕು ಎನ್ನಲಾಗದು.

ನಮ್ಮ ಭಾಷೆಯಲ್ಲಿಯೇ ಇದಕ್ಕೆ ಸರಿಯಾದ ಪದವಿದೆ. ಒಂದೇ ಒಂದು ಸ್ವರದ ಭೇದ. ಮಸುಕು ಬೇರೆ, ಮುಸುಕು ಬೇರೆ. ಮಸುಕು ಎಂಬುದು ಮಂಜಿನಂತೆ ತಾನಾಗಿ ಕವಿಯುವುದು, ಅದಕ್ಕೆ ಕರ್ತೃವಿಲ್ಲ. ಮುಸುಕು ಎಂಬುದು ಒಬ್ಬರು ಬೇಕೆಂದು ಹಾಕಿಕೊಳ್ಳುವುದು. ಹಾಕಿಕೊಂಡವರು ಬೇಕೆಂದಾಗ ತೆಗೆಯಬಲ್ಲರು, ಬೇಕಾದವರ ಮುಂದೆ ಮಾತ್ರ ತೆಗೆಯಬಲ್ಲರು. ಮುಸುಕಿನ ಹಿಂದಿನ ಮುಖಕ್ಕೆ ರೂಪವಿಲ್ಲವೆಂದು ಯಾರೂ ಹೇಳುವುದಿಲ್ಲ. ಬೆಡಗಿನ ವಚನಗಳಿಗೆ ಹಾಕಿದ್ದು ಮುಸುಕು. ಅವುಗಳನ್ನು ಮಸುಕೆಂದು ಕರೆದರೆ ಗ್ರಂಥಕರ್ತನ ಸಂಕಲ್ಪವನ್ನೇ ಅಲ್ಲಗಳೆದಂತಾಯಿತು. ಇನ್ನೂ ಒಂದು ಮಾತು. ಅರವತ್ತು ದಾಟಿದವರು ‘ಅಕ್ಷರ ಮಂಜಾಗಿದೆ’ ಎನ್ನುವುದಿಲ್ಲ, ‘ಕಣ್ಣು ಮಂಜಾಗಿದೆ’ ಎನ್ನುತ್ತಾರೆ. ದೋಷವನ್ನು ನೋಡುವ ವಸ್ತುವಿನ ಮೇಲೆ ಹೊರಿಸದೆ ನೋಡುವ ಕಣ್ಣಿನ ಮೇಲೆ ಇಟ್ಟುಕೊಳ್ಳುವ ಸೌಜನ್ಯ ನಮ್ಮ ನುಡಿಗಟ್ಟಿನಲ್ಲಿಯೇ ಇದೆ. ವಿಮರ್ಶೆ ಬರೆಯುವಾಗ ಮಾತ್ರ ಏಕೋ ಅದನ್ನು ಮರೆಯುತ್ತೇವೆ.

ಇಂಥದೇ ವಾದವೊಂದು ಬಂಗಾಳದಲ್ಲಿ ನಡೆದದ್ದು ತಿಳಿದವರಿಗೆ ನೆನಪಿರಬಹುದು. ಹರಪ್ರಸಾದ ಶಾಸ್ತ್ರಿಗಳು ನೇಪಾಳದಲ್ಲಿ ದೊರೆತ ಬೌದ್ಧ ಸಿದ್ಧರ ಚರ್ಯಾಪದಗಳನ್ನು 1916ರಲ್ಲಿ ಪ್ರಕಟಿಸಿದಾಗ, ಅವುಗಳ ಗೂಢಭಾಷೆಯನ್ನು ‘ಸಂಧ್ಯಾಭಾಷೆ’ ಎಂದು ಕರೆದು, ಅರ್ಧ ಬೆಳಕು ಅರ್ಧ ಕತ್ತಲೆಯ ಮುಚ್ಚಂಜೆಯ ಭಾಷೆ ಎಂದು ವಿವರಿಸಿದರು. ಅನಂತರ ವಿಧುಶೇಖರ ಭಟ್ಟಾಚಾರ್ಯರು ಆ ಪದ ‘ಸಂಧ್ಯಾ’ ಅಲ್ಲ, ‘ಸಂಧಾ’ ಎಂದೂ, ಅದರ ಅರ್ಥ ಸಂಜೆಯಲ್ಲ, ಅಭಿಪ್ರಾಯವನ್ನು ಉದ್ದೇಶಿಸಿದ ನುಡಿ ಎಂದೂ ವಾದಿಸಿದರು. ಒಂದು ಯಕಾರದ ಮೇಲೆ ಇಡೀ ಸಾಹಿತ್ಯದ ಬೆಲೆಯೇ ನಿಂತಿತ್ತು: ಆ ಸಿದ್ಧರು ಮಬ್ಬಿನಲ್ಲಿ ತಡವರಿಸುತ್ತಿದ್ದರೋ, ತಿಳಿದೇ ಮರೆಮಾಡುತ್ತಿದ್ದರೋ? ನಮ್ಮ ಮಸುಕು-ಮುಸುಕುಗಳ ಪ್ರಶ್ನೆಯೂ ಇದೇ. ಬೆಡಗಿನ ವಚನಗಳಿಗೂ ಸಂಧ್ಯಾಭಾಷೆ ಎಂಬ ಹೆಸರನ್ನು ಹಚ್ಚುವ ರೂಢಿ ನಮ್ಮಲ್ಲಿಯೂ ಬೆಳೆದಿರುವುದರಿಂದ, ಹಚ್ಚುವವರು ಎರಡರಲ್ಲಿ ಯಾವ ಅರ್ಥದಲ್ಲಿ ಹಚ್ಚುತ್ತಾರೆಂಬುದನ್ನು ತಿಳಿಸಿದರೆ ಉಪಕಾರವಾದೀತು.

ದಂಡಿಯು ಮೂರನೆಯ ಪರಿಚ್ಛೇದದಲ್ಲಿ ಹದಿನಾರು ಬಗೆಯ ಪ್ರಹೇಲಿಕೆಗಳನ್ನು ವಿವರಿಸುವಾಗ ಅವುಗಳ ಪ್ರಯೋಜನವನ್ನೂ ಹೇಳಿದ್ದಾನೆ. ಗೋಷ್ಠಿಗಳ ವಿನೋದ ಅವುಗಳಲ್ಲೊಂದು; ಹಲವರು ನೆರೆದ ಕಡೆ ಬಲ್ಲವರು ತಮ್ಮತಮ್ಮಲ್ಲಿ ರಹಸ್ಯವಾಗಿ ಆಲೋಚಿಸುವುದು ಮತ್ತೊಂದು. ಈ ಎರಡನೆಯದನ್ನು ಓದಿದಾಗಲೆಲ್ಲ ನನಗೆ ಅನುಭವಮಂಟಪದ ನೆನಪಾಗುತ್ತದೆ. ನೆರೆದವರೆಲ್ಲರ ಸ್ಥಲ ಒಂದೇ ಅಲ್ಲ. ಭಕ್ತಸ್ಥಲದವನೂ ಐಕ್ಯಸ್ಥಲದವನೂ ಒಂದೆಡೆ ಕುಳಿತಿರುವಾಗ ಆಡಿದ ಮಾತು ಅವರವರ ನೆಲೆಗೆ ತಕ್ಕಂತೆ ತೆರೆಯಬೇಕು. ಬೆಡಗು ಈ ಅಗತ್ಯದಿಂದ ಹುಟ್ಟಿದ ರಚನೆ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲುಮಾಡಿ ಶೂನ್ಯಸಂಪಾದನೆಯನ್ನು ಸಂಕಲಿಸಿದವರು ವಚನಗಳನ್ನು ಸಂವಾದದಲ್ಲಿ ಕೂಡಿಸಿದ್ದು ಸುಮ್ಮನೆ ಅಲ್ಲ. ಯಾರು ಯಾರಿಗೆ ಯಾವ ಪ್ರಶ್ನೆಗೆ ಉತ್ತರವಾಗಿ ಹೇಳಿದ್ದೆಂದು ತಿಳಿದೊಡನೆ ಮುಸುಕಿನ ಒಂದು ಮಡಿಕೆ ತಾನೇ ಸರಿಯುತ್ತದೆ. ಇಂದು ನಾವು ಆ ಸಂದರ್ಭದಿಂದ ಒಂದು ವಚನವನ್ನು ಕಿತ್ತು, ಪಾಠಪುಸ್ತಕದ ಒಂಟಿ ಪುಟದಲ್ಲಿ ಅಚ್ಚುಮಾಡಿ, ಅದು ಅಸ್ಪಷ್ಟವಾಗಿದೆ ಎಂದು ದೂರುತ್ತೇವೆ.

ಟೀಕುಕಾರರ ಬಗೆಗೂ ಒಂದು ಮಾತು ಹೇಳಲೇಬೇಕು. ಬೆಡಗಿನ ವಚನಗಳಿಗೆ ಟೀಕು ಬರೆದ ಹಿರಿಯರು ಪ್ರತಿಯೊಂದು ವಸ್ತುವಿಗೂ ತತ್ತ್ವದ ಪದವೊಂದನ್ನು ಜೋಡಿಸುತ್ತಾ ಹೋದರು. ಅವರ ಉಪಕಾರ ದೊಡ್ಡದು. ಅವರಿಲ್ಲದಿದ್ದರೆ ಎಷ್ಟೋ ವಚನಗಳು ನಮಗೆ ಮುಚ್ಚಿಯೇ ಇರುತ್ತಿದ್ದವು. ಆದರೆ ಟೀಕನ್ನು ಓದಿದ ಮೇಲೆ ವಚನದ ಚಿತ್ರವನ್ನು ಬಿಟ್ಟುಬಿಡುವ ಅಭ್ಯಾಸವು ಚಿತ್ರವೇ ಇರಲಿಲ್ಲವೆಂಬ ಭಾವನೆಗೆ ದಾರಿಮಾಡಿದೆ. ಕೀಲಿಕೈ ಸಿಕ್ಕಿತೆಂದು ಮನೆಯನ್ನೇ ನೋಡದೆ ಹೊರಟುಹೋದರೆ ಹೇಗೆ?

ಮಸುಕಿಗೆ ಇನ್ನೊಂದು ಕಾರಣವುಂಟು. ಅದು ಮಾಧ್ಯಮದ ಕಾರಣ. ಛಾಯಾಚಿತ್ರದ ಬೆಳ್ಳಿಯ ಕಣಗಳಿಗೆ ಸಮನಾದದ್ದು ನಮ್ಮಲ್ಲಿ ಓಲೆಗರಿ. ಕಂಟದಿಂದ ಕೊರೆದು, ಮಸಿ ತೀಡಿದ ಅಕ್ಷರಗಳು. ಪದಗಳ ನಡುವೆ ಬಿಡುವಿಲ್ಲ, ಲೇಖನಚಿಹ್ನೆಗಳಿಲ್ಲ. ಎಕಾರ ಒಕಾರಗಳ ಹ್ರಸ್ವದೀರ್ಘಗಳನ್ನು ಬೇರ್ಪಡಿಸಿ ತೋರಿಸುವ ಕ್ರಮ ಹಳೆಯ ಪ್ರತಿಗಳಲ್ಲಿ ಖಚಿತವಾಗಿಲ್ಲ. ‘ಕೆರೆ’ಯೋ ‘ಕೇರೆ’ಯೋ, ‘ಕೊಡು’ವೋ ‘ಕೋಡು’ವೋ ಎಂಬುದನ್ನು ಓದುವವನೇ ಅರಿತು ನಿರ್ಧರಿಸಬೇಕು. ಗರಿ ಮುಕ್ಕಾದಲ್ಲಿ, ಹುಳು ತಿಂದಲ್ಲಿ, ಊಹೆಯೇ ಗತಿ. ಫ. ಗು. ಹಳಕಟ್ಟಿಯವರು ಊರೂರು ಅಲೆದು ಇಂಥ ಕಟ್ಟುಗಳನ್ನು ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದು, 1926ರಿಂದ ಶಿವಾನುಭವ ಪತ್ರಿಕೆಯನ್ನು ನಡೆಸಿದ ಶ್ರಮವನ್ನು ನೆನೆದರೆ ಕೈ ತಾನಾಗಿ ಮುಗಿಯುತ್ತದೆ. ಇಲ್ಲಿ ಹೇಳಬೇಕಾದದ್ದು ಇಷ್ಟೆ: ಗರಿಯ ತರಿಯನ್ನು ಶರಣರ ತರಿಯೆಂದು ಎಣಿಸಬಾರದು. ಮುದ್ರಿತ ವಚನದಲ್ಲಿ ಒಂದು ಪ್ರತಿಮೆ ಅರ್ಥವಾಗದಿದ್ದರೆ ಅದು ಪ್ರಭುದೇವರು ಹಾಕಿದ ಮುಸುಕೋ, ಲಿಪಿಕಾರನ ಕೈಯಲ್ಲಿ ಕವಿದ ಮಸುಕೋ ಎಂಬುದನ್ನು ಪಾಠಾಂತರಗಳನ್ನು ನೋಡಿಯೇ ಹೇಳಬೇಕು.

ಪಾಠಾಂತರವೆಂದೊಡನೆ ಈ ವಿಶೇಷಣಗಳ ನಿಜವಾದ ಅಪಾಯ ಹೊರಬೀಳುತ್ತದೆ. ಎರಡು ಪ್ರತಿಗಳಲ್ಲಿ ಒಂದರಲ್ಲಿ ಗಡುಸಾದ, ಅಪರಿಚಿತವಾದ ಪದವಿದೆ. ಇನ್ನೊಂದರಲ್ಲಿ ಎಲ್ಲರಿಗೂ ತಿಳಿಯುವ ನಯವಾದ ಪದವಿದೆ. ಯಾವುದನ್ನು ಸ್ವೀಕರಿಸಬೇಕು? ಗ್ರಂಥಸಂಪಾದನಶಾಸ್ತ್ರದ ಸಾಮಾನ್ಯ ನಿಯಮದಂತೆ ಕ್ಲಿಷ್ಟವಾದ ಪಾಠವೇ ಮೂಲಕ್ಕೆ ಹತ್ತಿರವಿರುವ ಸಂಭವ ಹೆಚ್ಚು. ಏಕೆಂದರೆ ಲಿಪಿಕಾರನು ತಿಳಿಯದ ಪದವನ್ನು ತಿಳಿಯುವ ಪದವಾಗಿ ಬದಲಿಸುವುದು ಸಹಜ, ತಿಳಿದದ್ದನ್ನು ತಿಳಿಯದ್ದಾಗಿ ಬದಲಿಸುವುದು ಅಸಹಜ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಅಭ್ಯಾಸಮಾಡಿದವರಿಗೆ ಇಂಥ ವಿವೇಚನೆ ಹೊಸದಲ್ಲ. ಆದರೆ ‘ಒರಟು’ ಎಂಬುದು ದೋಷವೆಂದು ಮೊದಲೇ ಮನಸ್ಸಿನಲ್ಲಿ ಕುಳಿತವನು ಏನು ಮಾಡುತ್ತಾನೆ? ಬಸವಣ್ಣನವರ ವಚನವಾದರೆ ‘ಇಂಥ ಒರಟು ಪದವನ್ನು ಅವರು ಬಳಸಿರಲಾರರು’ ಎಂದು ನಯವಾದುದನ್ನು ಆರಿಸುತ್ತಾನೆ. ಚೌಡಯ್ಯನವರ ವಚನವಾದರೆ ‘ಅವರದು ಒರಟು ಭಾಷೆಯೇ’ ಎಂದು ಗಡುಸಾದುದನ್ನು ಉಳಿಸುತ್ತಾನೆ. ನಿಯಮ ಒಂದೇ ಇರಬೇಕಾದ ಕಡೆ ಎರಡಾಯಿತು. ಹೀಗೆ ಆರಿಸಿದ ಪಾಠವೇ ಮುಂದೆ ಅಚ್ಚಾಗಿ, ಅದನ್ನೇ ಓದಿದ ಮುಂದಿನ ವಿಮರ್ಶಕನು ‘ಬಸವಣ್ಣನವರ ಭಾಷೆ ನಯ, ಚೌಡಯ್ಯನವರದು ಒರಟು’ ಎಂಬುದಕ್ಕೆ ಅದರಿಂದಲೇ ಪ್ರಮಾಣ ಕೊಡುತ್ತಾನೆ. 1993ರಲ್ಲಿ ಸಮಗ್ರ ವಚನ ಸಂಪುಟದ 15 ಸಂಪುಟಗಳು ಹೊರಬಂದಮೇಲೆ ಬಿಡಿ ಸಂಕಲನಗಳ ಗೊಂದಲ ಬಹಳ ಮಟ್ಟಿಗೆ ಕಡಮೆಯಾಯಿತೆಂಬುದು ನಿಜ. ಆದರೂ ಹಾಡಿನ ಪುಸ್ತಕಗಳಲ್ಲಿ, ಆಹ್ವಾನಪತ್ರಿಕೆಗಳಲ್ಲಿ, ಗೋಡೆಯ ಬರೆಹಗಳಲ್ಲಿ ವಚನಗಳನ್ನು ನುಣ್ಣಗೆ ಉಜ್ಜಿ ಬಳಸುವ ಅಭ್ಯಾಸ ನಿಂತಿಲ್ಲ.

ಹಾಡಿನ ಮಾತು ಬಂದದ್ದರಿಂದ ಒಂದು ಉಪಕಥನ. ಮಲ್ಲಿಕಾರ್ಜುನ ಮನಸೂರರು ವಚನಗಳನ್ನು ಹಾಡಿದ್ದನ್ನು ಕೇಳಿದವರಿಗೆ ಅಲ್ಲಿ ಪದವು ರಾಗದಲ್ಲಿ ಕರಗಿಹೋಗದೆ ತನ್ನ ಅಂಚನ್ನು ಉಳಿಸಿಕೊಂಡದ್ದು ನೆನಪಿರಬೇಕು. ಗಂಗೂಬಾಯಿ ಹಾನಗಲ್ಲರ ಧ್ವನಿಯು ಗಂಟಲಿನ ಶಸ್ತ್ರಚಿಕಿತ್ಸೆಯ ಅನಂತರ ದಪ್ಪವಾಗಿ ಗಂಡುದನಿಯಂತಾಯಿತು. ಅದನ್ನು ಯಾರೂ ಅಸ್ಪಷ್ಟವೆನ್ನಲಿಲ್ಲ. ಅವರ ಸ್ವರಸ್ಥಾನ ಕೂದಲೆಳೆಯಷ್ಟೂ ಕದಲುತ್ತಿರಲಿಲ್ಲ. ಗಡುಸಾದ ನಾದದಲ್ಲಿ ನಿಖರವಾದ ಸ್ವರವಿರಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ? ಈಗಿನ ಕೆಲವು ವಚನಗಾಯನಗಳಲ್ಲಿ ಹಿನ್ನೆಲೆಯ ವಾದ್ಯಗಳ ಜೇನಿನಲ್ಲಿ ಪದಗಳು ಮುಳುಗಿ, ನುಣುಪೇ ಮಸುಕಿಗೆ ಕಾರಣವಾಗುತ್ತಿದೆ.

ನುಡಿ ಹೇಗಿರಬೇಕೆಂಬುದನ್ನು ಬಸವಣ್ಣನವರೇ ಮುತ್ತು, ಮಾಣಿಕ್ಯ, ಸ್ಫಟಿಕಗಳ ಹೋಲಿಕೆಯಿಂದ ಹೇಳಿದ ವಚನವು ಬಾಲಕರಿಗೂ ಬಾಯಿಪಾಠವಾಗಿದೆ. ಆ ಮೂರನ್ನೂ ಒಂದೇ ಅರ್ಥದ ಪುನರುಕ್ತಿಯೆಂದು ಕಲಿಸುವುದು ರೂಢಿ. ನನಗೆ ಹಾಗೆ ತೋರುವುದಿಲ್ಲ. ಮುತ್ತಿನ ಗುಣ ನುಣುಪು ಮತ್ತು ಪೋಣಿಕೆ. ಅದು ಸ್ಪರ್ಶದ, ಬಂಧದ ಮಾತು. ಮಾಣಿಕ್ಯದ ಗುಣ ಕಾಂತಿ. ಅದು ಬೆಳಗುವ ಮಾತು. ಸ್ಫಟಿಕದ ಗುಣ ಪಾರದರ್ಶಕತೆ. ಅದು ತಿಳಿವಿನ ಮಾತು. ಮುಟ್ಟುವುದು, ಬೆಳಗುವುದು, ಆರಪಾರ ಕಾಣುವುದು, ಮೂರೂ ಬೇರೆ ಎಂಬ ವಿವೇಕ ಆ ವಚನದ ರಚನೆಯಲ್ಲಿಯೇ ಇದೆ. ಮೂರೂ ಕಠಿನವಾದ ವಸ್ತುಗಳೆಂಬುದನ್ನೂ ಗಮನಿಸಬೇಕು. ಬೆಣ್ಣೆಯ, ಹೂವಿನ ಹೋಲಿಕೆ ಅಲ್ಲಿಲ್ಲ. ಇವೆಲ್ಲಕ್ಕೂ ಮೇಲೆ ಅವರು ಇಟ್ಟದ್ದು ಲಿಂಗವು ಒಪ್ಪುವ ಮಾತೇ ಎಂಬ ಒರೆಗಲ್ಲನ್ನು, ಅದರ ಬೆನ್ನಿಗೇ ನುಡಿಯಂತೆ ನಡೆಯನ್ನು. ಚೌಡಯ್ಯನವರ ವಚನವನ್ನು ಮುತ್ತಿನ ಅಳತೆಯಿಂದ ಮಾತ್ರ ಅಳೆದು ಕೆಳಗಿಟ್ಟವರು ಉಳಿದ ಅಳತೆಗಳನ್ನು ಕೈಗೆತ್ತಿಕೊಳ್ಳಲೇ ಇಲ್ಲ.

ಇನ್ನು ‘ತರಿತರಿಯಾದ’ ಎಂಬ ಹೊಸ ಪದ. ಅದನ್ನು ಬಹಿಷ್ಕರಿಸಬೇಕೆಂಬ ಹಠ ನನಗಿಲ್ಲ. ಹಳೆಯ ಛಾಯಾಚಿತ್ರವನ್ನೋ ಓಲೆಗರಿಯ ಪ್ರತಿಬಿಂಬವನ್ನೋ ವರ್ಣಿಸುವಾಗ ಅದು ಸೊಗಸಾಗಿಯೇ ಒಪ್ಪುತ್ತದೆ. ವಚನದ ಶೈಲಿಗೆ ಬಳಸುವವರು ಮಾತ್ರ ಅದರ ಮುಂದೆ ನಾಮಪದವನ್ನು ಸ್ಪಷ್ಟವಾಗಿ ಇಡಬೇಕು. ಅಕ್ಷರಬಂಧವೋ, ವಾಕ್ಯವೋ, ಸಂಬೋಧನೆಯೋ, ಭಾವವೋ, ಪ್ರತಿಮೆಯೋ, ಪ್ರತಿಮೆಗಳ ಸಂಬಂಧವೋ, ಅಥವಾ ಅಚ್ಚಾದ ಪಾಠವೋ? ನಾನು ಶಾಲೆಯಲ್ಲಿದ್ದಾಗ ಹುಡುಗರ ಉತ್ತರಗಳಲ್ಲಿ ‘ಈ ವಚನವು ಒರಟಾಗಿದೆ’ ಎಂಬ ವಾಕ್ಯ ಕಂಡರೆ ಅಂಕ ಕಳೆಯುತ್ತಿರಲಿಲ್ಲ. ಅಂಚಿನಲ್ಲಿ ಕೆಂಪು ಶಾಯಿಯಿಂದ ‘ಯಾವುದು?’ ಎಂದಷ್ಟೇ ಬರೆದು ಹಿಂದಿರುಗಿಸುತ್ತಿದ್ದೆ. ಕೆಲವರು ಮರುದಿನ ವಚನವನ್ನು ಮತ್ತೆ ಓದಿ ಬಂದು, ಬೆರಳಿಟ್ಟು ಒಂದು ಪದವನ್ನು ತೋರಿಸುತ್ತಿದ್ದರು.